ವಾಂತಿ ಇಂಜೆಕ್ಷನ್: ನಾನು ಅವಸರಪಟ್ಟ ದಿನ

ಕೆಲಸಕ್ಕೆ ಸೇರಿದ ಹೊಸತು. ವಾರ್ಡ್ ತುಂಬಿತ್ತು. ಹೊಟ್ಟೆ ತೊಳೆಸುತ್ತಿದೆ ಎಂದ ಹುಡುಗಿಯೊಬ್ಬಳಿಗೆ ಡಾಕ್ಟರು ವಾಂತಿ ತಡೆಯುವ ಮೆಟೊಕ್ಲೋಪ್ರಮೈಡ್ 10 ಮಿಲಿಗ್ರಾಂ, ರಕ್ತನಾಳಕ್ಕೆ ಕೊಡಲು ಬರೆದಿದ್ದರು. ಸಿರಿಂಜ್‌ನಲ್ಲಿ ಇರೋದೇ 2 ಎಂಎಲ್ ಅಲ್ವಾ ಎಂದುಕೊಂಡು ಒಂದೇ ಉಸಿರಿಗೆ ಒತ್ತಿ ಮುಗಿಸಿದೆ.

ನಾನು ಪಕ್ಕದ ಬೆಡ್‌ಗೆ ಹೋಗುವಷ್ಟರಲ್ಲಿ ಅವಳು ಎದ್ದು ಕೂತಿದ್ದಳು. ಕಾಲು ನಿಲ್ಲುತ್ತಲೇ ಇಲ್ಲ, ಕೈ ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ) ಮೇಲೆ. ‘ಸಿಸ್ಟರ್, ಇದನ್ನ ಕಿತ್ತುಬಿಡಿ, ನಂಗೆ ಇಲ್ಲಿ ಇರಕ್ಕಾಗ್ತಿಲ್ಲ’ ಎಂದಳು. ಹೆದರಿದ್ದಾಳೆ ಎಂದುಕೊಂಡು ಸಮಾಧಾನ ಮಾಡುತ್ತಾ ನಿಂತೆ. ಹಿರಿಯ ಸಿಸ್ಟರ್ ಬಂದವರೇ ಕೇಳಿದ್ದು ಒಂದೇ ಮಾತು: ‘ಎಷ್ಟು ಬೇಗ ಕೊಟ್ಟೆ?’

ಅದು ಹೆದರಿಕೆ ಅಲ್ಲ, ಅಕಥೀಸಿಯಾ, ಅಂದರೆ ಒಂದು ಕಡೆ ಇರಲಾಗದ ಚಡಪಡಿಕೆ. ಈ ಔಷಧಿ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ. ಬೇಗ ಒತ್ತಿದರೆ ಈ ಚಡಪಡಿಕೆ ಜಾಸ್ತಿ. ಚಿಕ್ಕ ವಯಸ್ಸಿನವರಿಗೆ ಕುತ್ತಿಗೆ ತಿರುಚಿಕೊಳ್ಳುವುದು, ದವಡೆ ಬಿಗಿಯುವುದು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುವುದೂ ಉಂಟು. ಅಂದಿನಿಂದ ಗಡಿಯಾರ ನೋಡಿಕೊಂಡು ಮೂರು ನಿಮಿಷ ತೆಗೆದುಕೊಳ್ಳುತ್ತೇನೆ. ವಾಂತಿಗೇ ಕೊಡುವ ಇನ್ನೊಂದು ಔಷಧಿ ಒಂಡಾನ್ಸೆಟ್ರಾನ್ 4 ಮಿಲಿಗ್ರಾಂ ಆದರೂ 2ರಿಂದ 5 ನಿಮಿಷ.

ಸಿರಿಂಜ್ ಹಿಡಿಯುವ ಮೊದಲು ಹೊಟ್ಟೆ ಮುಟ್ಟಿ ನೋಡುತ್ತೇನೆ. ಉಬ್ಬಿದೆಯಾ? ಗ್ಯಾಸ್ ಹೋಗಿದೆಯಾ? ವಾಂತಿ ಹಸಿರು ಬಣ್ಣದ್ದಾ? ಕರುಳು ಕಟ್ಟಿಕೊಂಡಿದ್ದರೆ ಮೆಟೊಕ್ಲೋಪ್ರಮೈಡ್ ಅದನ್ನು ಇನ್ನೂ ಜೋರಾಗಿ ಹಿಂಡುತ್ತದೆ. ಅನುಮಾನ ಬಂದರೆ ಮೊದಲು ಡಾಕ್ಟರಿಗೆ ಫೋನ್, ಆಮೇಲೆ ಇಂಜೆಕ್ಷನ್. ತಲೆಗೆ ಪೆಟ್ಟು ಬಿದ್ದವರ ವಾಂತಿಯನ್ನೂ ಸುಮ್ನೆ ವಾಂತಿ ಎಂದುಕೊಳ್ಳಬಾರದು.

ಒಂಡಾನ್ಸೆಟ್ರಾನ್ ಎಲ್ಲರೂ ಕಣ್ಣುಮುಚ್ಚಿ ಕೊಡುವ ಔಷಧಿ. ನಾನು ಮಾತ್ರ ರಕ್ತದ ಪೊಟ್ಯಾಸಿಯಂ ರಿಪೋರ್ಟ್ ಹುಡುಕುತ್ತೇನೆ. ಎರಡು ದಿನ ವಾಂತಿ ಮಾಡಿದವರಿಗೆ ಪೊಟ್ಯಾಸಿಯಂ ಇಳಿದಿರಬಹುದು, ಅದರ ಮೇಲೆ ಈ ಔಷಧಿ ಇಸಿಜಿಯ ಕ್ಯೂಟಿ ಅಂತರವನ್ನು (ಹೃದಯ ಒಮ್ಮೆ ಬಡಿದು ಮತ್ತೆ ಸಜ್ಜಾಗಲು ಹಿಡಿಯುವ ಸಮಯ) ಇನ್ನಷ್ಟು ಉದ್ದ ಮಾಡಿದರೆ ಹೃದಯದ ಲಯ ತಪ್ಪಬಹುದು. ತಲೆನೋವು, ಮಲಬದ್ಧತೆ ಬರಬಹುದು ಎಂದು ಮೊದಲೇ ಹೇಳಿಬಿಟ್ಟರೆ ರೋಗಿ ಗಾಬರಿಯಾಗುವುದಿಲ್ಲ.

ವಾಂತಿಯ ಮತ್ತೊಂದು ಔಷಧಿ ಪ್ರೊಮೆಥಜೈನ್ ಅನ್ನು ರಕ್ತನಾಳಕ್ಕೆ ಕೊಡುವುದು ನನಗೆ ಇಷ್ಟವೇ ಇಲ್ಲ. ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ, ಮಾಂಸ ಕೊಳೆಯುವಷ್ಟು ಹಾನಿಯಾಗಬಹುದು. ಸ್ನಾಯುವಿಗೆ ಆಳವಾಗಿ ಕೊಡಬಹುದೇ ಎಂದು ಕೇಳುತ್ತೇನೆ. ರಕ್ತನಾಳಕ್ಕೇ ಕೊಡಬೇಕಾಗಿ ಬಂದು, ರೋಗಿ ‘ಉರಿ’ ಎಂದರೆ ಅಲ್ಲೇ ನಿಲ್ಲಿಸಬೇಕು. ನಿದ್ದೆಯೂ ಜೋರು. ಬೆಡ್‌ನ ಪಕ್ಕದ ಕಂಬಿ ಏರಿಸಿ, ಒಬ್ಬರೇ ಬಾತ್‌ರೂಮಿಗೆ ಏಳಬೇಡಿ ಎಂದು ಹೇಳಿ, ಬೆಲ್ ಅವರ ಕೈಗೇ ಕೊಟ್ಟು ಬರುತ್ತೇನೆ.

ಅರ್ಧ ಗಂಟೆ ಬಿಟ್ಟು ಮತ್ತೆ ಹೋಗಿ ‘ಈಗ ಹೇಗಿದೆ?’ ಎಂದು ಕೇಳಿ ಚಾರ್ಟಿನಲ್ಲಿ ಬರೆಯುತ್ತೇನೆ. ವಾಂತಿ ಹಿಡಿಯುವ ಕಿಡ್ನಿ ಟ್ರೇ ಮಾತ್ರ ಕೈಗೆಟುಕುವಲ್ಲೇ ಇರುತ್ತದೆ.