ಹಳೆಯ ಕಂಪ್ಯೂಟರ್: ಕೊಡುವ ಮುನ್ನ, ಕೊಡುವಾಗ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ (ಭದ್ರತಾ ಅಪ್‌ಡೇಟ್ ಇತ್ಯಾದಿ) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಏಳೆಂಟು ವರ್ಷ ದಾಟಿದ ಬಹುಪಾಲು ಯಂತ್ರಗಳನ್ನು ಅದು ಒಪ್ಪುವುದಿಲ್ಲ. ಹೀಗಾಗಿ ಕೆಡದೇ ಇರುವ ಕಂಪ್ಯೂಟರ್‌ಗಳೂ ಅಟ್ಟ ಸೇರುತ್ತಿವೆ. ಅಟ್ಟದ ಮೇಲೆ ಹಿತ್ತಾಳೆ ಪಾತ್ರೆ ಇಟ್ಟರೆ ಬೆಲೆ ಏರೀತು, ಕಂಪ್ಯೂಟರ್‌ಗೆ ಆ ಯೋಗವಿಲ್ಲ. ಕೊಡುವ ಮನಸ್ಸಿದ್ದರೆ ಈ ವರ್ಷವೇ ಕೊಡಿ.

ಮೊದಲು ಕಡತಗಳನ್ನು ಇಳಿಸಿಕೊಳ್ಳಿ

ಫೋಟೊ, ಬ್ಯಾಂಕ್ ದಾಖಲೆ, ಟ್ಯಾಲಿ ಲೆಕ್ಕಪತ್ರ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲಿಸಿ. ನಕಲಾಯಿತೆಂದು ನಂಬಿ ಕೂರಬೇಡಿ. ಬೇರೊಂದು ಕಂಪ್ಯೂಟರ್‌ನಲ್ಲಿ ಕೆಲವನ್ನಾದರೂ ತೆರೆದು ನೋಡಿ.

ಕನ್ನಡದವರಿಗೆ ಇಲ್ಲಿ ಇನ್ನೊಂದು ಕೆಲಸವಿದೆ. ಹಳೆಯ 'ನುಡಿ' ಅಥವಾ 'ಬರಹ' ತಂತ್ರಾಂಶದಲ್ಲಿ, ಯೂನಿಕೋಡ್ (ಎಲ್ಲ ಯಂತ್ರಗಳಲ್ಲೂ ಒಂದೇ ರೀತಿ ಓದಲಾಗುವ ಅಕ್ಷರ ಸಂಕೇತ) ಅಲ್ಲದ ಫಾಂಟ್‌ನಲ್ಲಿ ಟೈಪಿಸಿದ ಕಡತವನ್ನು ಹೊಸ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣಿಸುತ್ತವೆ. ಕಡತ ಕೆಟ್ಟಿರುವುದಿಲ್ಲ, ಫಾಂಟ್ ಇರುವುದಿಲ್ಲ, ಅಷ್ಟೇ. ಅಜ್ಜ ಬರೆಸಿದ ವಂಶವೃಕ್ಷ, ಸಂಘದ ನಡಾವಳಿ, ಅರ್ಧಕ್ಕೆ ನಿಂತ ಕಾದಂಬರಿ ಎಲ್ಲವೂ ಈ ಸ್ಥಿತಿಯಲ್ಲಿ ಸಿಕ್ಕಿಕೊಂಡಿರಬಹುದು. ಹಳೆಯ ಯಂತ್ರ ನಡೆಯುತ್ತಿರುವಾಗಲೇ ಫಾಂಟ್ ಪರಿವರ್ತಕ ತಂತ್ರಾಂಶದ ಮೂಲಕ ಅವನ್ನು ಯೂನಿಕೋಡ್‌ಗೆ ಬದಲಿಸಿ. ಒತ್ತಕ್ಷರ, ಅರ್ಕಾವೊತ್ತು ತಪ್ಪಿದೆಯೇ ಎಂದು ಮೂಲದೊಂದಿಗೆ ಹೋಲಿಸಿ. ಜೊತೆಗೆ ಆ ಫಾಂಟ್‌ಗಳನ್ನೂ ನಕಲಿಸಿಟ್ಟುಕೊಳ್ಳಿ.

ಆಮೇಲೆ ಅಳಿಸಿ

ಕಡತವನ್ನು ಡಿಲೀಟ್ ಮಾಡಿ ರಿಸೈಕಲ್ ಬಿನ್ ಖಾಲಿ ಮಾಡಿದರೆ ಅದು ಹಾರ್ಡ್ ಡಿಸ್ಕ್‌ನಲ್ಲಿ ಎಲ್ಲಿದೆ ಎಂಬ ವಿಳಾಸ ಅಳಿಯುತ್ತದೆ, ಮಾಹಿತಿ ಉಳಿಯುತ್ತದೆ. ಅದನ್ನು ಮರಳಿ ಪಡೆಯುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಇಮೇಲ್, ಬ್ರೌಸರ್ ಖಾತೆಗಳಿಂದ ಲಾಗ್‌ಔಟ್ ಆಗಿ, ವಿಂಡೋಸ್ ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಲ್ಲಿ 'ರಿಸೆಟ್ ದಿಸ್ ಪಿಸಿ' ತೆರೆಯಿರಿ. 'ರಿಮೂವ್ ಎವೆರಿಥಿಂಗ್' ಆರಿಸಿ, 'ಚೇಂಜ್ ಸೆಟ್ಟಿಂಗ್ಸ್' ಒಳಗೆ ಡಿಸ್ಕ್ ಶುಚಿಗೊಳಿಸುವ ಆಯ್ಕೆಯನ್ನೂ ಒತ್ತಿ. ಈ ಕೊನೆಯ ಆಯ್ಕೆಯನ್ನೇ ಬಹಳ ಮಂದಿ ಬಿಟ್ಟುಬಿಡುತ್ತಾರೆ. ಹಾರ್ಡ್ ಡಿಸ್ಕ್ ದೊಡ್ಡದಿದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿ.

ಯಂತ್ರ ಆನ್ ಆಗದಿದ್ದರೆ ಹಾರ್ಡ್ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ. ನಾಲ್ಕು ಸ್ಕ್ರೂಗಳ ಕೆಲಸ.

ದಾನವೋ, ಗುಜರಿಯೋ?

ನೀವೇ ಬಳಸಲಾರದಷ್ಟು ನಿಧಾನವಾದ ಯಂತ್ರವನ್ನು ಸರ್ಕಾರಿ ಶಾಲೆಗೆ ಹೊರಿಸಿ ಫೋಟೊ ತೆಗೆಸಿಕೊಳ್ಳುವುದು ದಾನವಲ್ಲ, ಕಸ ವಿಲೇವಾರಿ. ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ, ಸಣ್ಣ ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ 4 ಜಿಬಿಯಾದರೂ ಇರುವಂತೆ ನೋಡಿಕೊಂಡು, ವಿಂಡೋಸ್ ಜಾಗಕ್ಕೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿದರೆ ವಿಂಡೋಸ್ 11 ಒಲ್ಲದ ಯಂತ್ರವೂ ಬರವಣಿಗೆಗೆ, ಅಂತರ್ಜಾಲಕ್ಕೆ ಸಾಕಾಗುತ್ತದೆ. ಕನ್ನಡ ಟೈಪಿಸುವ ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ, ಆರಿಸಿಕೊಂಡರಾಯಿತು.

ಕೊಡುವ ಮೊದಲು ಮುಖ್ಯ ಶಿಕ್ಷಕರನ್ನೋ ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಅಧ್ಯಕ್ಷರನ್ನೋ ಕೇಳಿ: ಯುಪಿಎಸ್ ಇದೆಯೇ, ಕಲಿಸುವವರು ಯಾರು, ಕೆಟ್ಟರೆ ನೋಡುವವರು ಯಾರು? ಉತ್ತರ ಸಿಗದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ವಿಚಾರಿಸಿ. ಮೌಸ್, ಪವರ್ ಕೇಬಲ್, ಚಾರ್ಜರ್ ಮರೆಯಬೇಡಿ; ಒಂದು ವೈರ್ ಇಲ್ಲವೆಂದು ವರ್ಷಗಟ್ಟಲೆ ಮೂಲೆಯಲ್ಲಿ ಕೂರುವ ಕಂಪ್ಯೂಟರ್‌ಗಳಿವೆ.

ಏನೂ ಉಳಿದಿಲ್ಲದಿದ್ದರೆ

ಬೀದಿಯ ಗುಜರಿಯವರು ಕೈಗೆ ಒಂದಿಷ್ಟು ಹಣ ಕೊಡುತ್ತಾರೆ. ಅವರು ದುಷ್ಟರಲ್ಲ, ಸರಕು ಮುಂದೆ ಹೋಗುವ ದಾರಿ ಕೆಟ್ಟದ್ದು. ತಾಮ್ರಕ್ಕಾಗಿ ವೈರ್‌ಗಳನ್ನು ಬಯಲಲ್ಲಿ ಸುಡುತ್ತಾರೆ, ಮದರ್‌ಬೋರ್ಡ್‌ನ ಚಿನ್ನಕ್ಕಾಗಿ ಆಮ್ಲದಲ್ಲಿ ಅದ್ದುತ್ತಾರೆ. ಹೊಗೆ ಕುಡಿಯುವವರೂ ಅಲ್ಲೇ ಕೆಲಸಕ್ಕಿರುವ ಬಡವರು. ಹಳೆಯ ಡಬ್ಬಿಯಂಥ ಮಾನಿಟರ್‌ನ ಗಾಜಿನಲ್ಲಿ ಸೀಸವಿರುತ್ತದೆ, ಅದನ್ನಂತೂ ಒಡೆಯಲೇಬೇಡಿ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ಎಲೆಕ್ಟ್ರಾನಿಕ್ ಕಸ) ನಿಯಮಗಳ ಪ್ರಕಾರ ಮರುಬಳಕೆಯ ಹೊಣೆ ತಯಾರಕರದು. ನಿಮ್ಮ ಕಂಪ್ಯೂಟರ್ ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ, ಹಿಂಪಡೆಯುವ ವ್ಯವಸ್ಥೆ ಕೇಳಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಅಧಿಕೃತ ಮರುಬಳಕೆ ಘಟಕಗಳ ಪಟ್ಟಿಯಿದೆ. ಬೆಂಗಳೂರಿನ ಹೊರಗೆ ದಾಬಸ್‌ಪೇಟೆಯಲ್ಲಿ 2005ರಲ್ಲೇ ಆರಂಭವಾದ ಇ-ಪರಿಸರ ಇಂಥ ಘಟಕಗಳಲ್ಲಿ ಹಳೆಯದು. ಒಂದೇ ಯಂತ್ರಕ್ಕಾಗಿ ವಾಹನ ಕಳಿಸುವುದು ಯಾರಿಗೂ ಕಷ್ಟ. ಅಪಾರ್ಟ್‌ಮೆಂಟ್‌ನವರೋ ಬೀದಿಯವರೋ ಕೂಡಿ ಒಟ್ಟಿಗೆ ಕೊಟ್ಟರೆ ಸುಲಭ.

ಲ್ಯಾಪ್‌ಟಾಪ್ ಬ್ಯಾಟರಿ ಉಬ್ಬಿದ್ದರೆ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಕಸದ ಗಾಡಿಗಂತೂ ಹಾಕಬೇಡಿ. ಬ್ಯಾಟರಿ ಉಬ್ಬಿದೆ ಎಂದು ಒಯ್ಯುವವರಿಗೆ ಮೊದಲೇ ತಿಳಿಸಿ. ಕೊಟ್ಟ ಮೇಲೆ ರಸೀದಿ ಪಡೆಯಿರಿ. ಕಚೇರಿಯ ಯಂತ್ರವಾದರೆ ದಾಸ್ತಾನು ಪುಸ್ತಕದಿಂದ ತೆಗೆಯಲು ಅದು ಬೇಕಾಗುತ್ತದೆ. ದಾನಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿಗೆ ಮಾತ್ರ ಅದು ನಡೆಯುವುದಿಲ್ಲ. ವಸ್ತು ರೂಪದ ದಾನಕ್ಕೆ ಆ ಸೌಲಭ್ಯವಿಲ್ಲ.