‘ಸೆಟ್’ ಬಾಯಿಪಾಠ ಮಾಡಬೇಡಿ

ಮೊನ್ನೆ ವಿಜಯಪುರದಲ್ಲಿ ತಂಗಿಯ ಮಗ ಇಂಗ್ಲಿಷಿನ ‘ಸೆಟ್’ ಪದದ ಅರ್ಥಗಳನ್ನು ಬಾಯಿಪಾಠ ಹೊಡೆಯುತ್ತಿದ್ದ. ಸುಮ್ನೆ ತಲೆನೋವು! ಆಕ್ಸ್‌ಫರ್ಡ್ ದೊಡ್ಡ ನಿಘಂಟಿನ 1989ರ ಆವೃತ್ತಿಯಲ್ಲಿ ಅದಕ್ಕೆ 400ಕ್ಕೂ ಜಾಸ್ತಿ ಅರ್ಥಗಳಿವೆ.

ಅದರ ಬದಲು ನಾವು ದಿನಾ ಆಡೋ ಮಾತು ಹಿಡಿಯಿರಿ. ಸ್ಲ್ಯಾಬಿನ ಸಿಮೆಂಟ್ ಸೆಟ್ ಆಯ್ತು ಅಂದರೆ ಗಟ್ಟಿಯಾಯ್ತು. ಅಲಾರಾಂ ಸೆಟ್ ಮಾಡು ಅಂದರೆ ಹೊತ್ತು ಹೊಂದಿಸು. ಗೋಳಗುಮ್ಮಟದ ಹಿಂದೆ ಸೂರ್ಯ ಸೆಟ್ ಆದರೆ ಮುಳುಗಿದ ಅಂತ. ‘ಇಬ್ಬರಿಗೂ ಸೆಟ್ ಆಗಲ್ಲ’ ಅನ್ನೋದು ಮಾತ್ರ ನಮ್ಮದೇ ಬಳಕೆ, ಉತ್ತರಪತ್ರಿಕೆಗೆ ಒಯ್ಯಬೇಡಿ.

ಪಕ್ಕದ ಪದವನ್ನೂ ನೋಡಿ. ‘ಸೆಟ್ ಆಫ್’ ಅಂದರೆ ಹೊರಡು. ‘ಸೆಟ್ ಅಸೈಡ್’ ಅಂದರೆ ತೆಗೆದಿಡು, ಕೋರ್ಟ್ ಸುದ್ದಿಯಲ್ಲಾದರೆ ಆದೇಶ ರದ್ದು!

ಹಾಂ, ಭೂತಕಾಲದಲ್ಲೂ ಸೆಟ್ ಸೆಟ್ಟೇ. ‘ಸೆಟ್ಟೆಡ್’ ಅಂತ ಬರೆದರೆ ಅಂಕ ಹೋಯ್ತು.