38 ಡೊಮೇನ್, ಒಂದೇ ಕಡೆಗೆ ಶಿಫ್ಟ್ ಮಾಡಿದ್ದು – ನನ್ನ ಅನುಭವ

ನಾಲ್ಕು ರಿಜಿಸ್ಟ್ರಾರ್ (ಡೊಮೇನ್ ಹೆಸರು ಮಾರೋ ಕಂಪನಿ) ಹತ್ರ ಚೆಲ್ಲಾಪಿಲ್ಲಿಯಾಗಿದ್ದ 38 ಡೊಮೇನ್‌ಗಳ ಡಿಎನ್‌ಎಸ್ (ಯಾವ ಹೆಸರಿಗೆ ಯಾವ ಸರ್ವರ್ ಅಂತ ಹೇಳೋ ವ್ಯವಸ್ಥೆ) ಈಗ ಒಂದೇ ಕಡೆ ಇದೆ, ಕೊನೇ ಮೂವತ್ತು ಡೊಮೇನ್‌ಗಳಲ್ಲಿ ಒಂದು ಮೇಲ್ ಕೂಡ ಕಳೀಲಿಲ್ಲ. ಶುರು ಮಾಡ್ದಾಗ ಟೀಮ್‌ನಲ್ಲಿ ಎಲ್ಲರೂ ಹೇಳಿದ್ದು ಒಂದೇ, ರಾತ್ರಿ ಕೂತು ಎಲ್ಲಾ ಒಟ್ಟಿಗೆ ಬದಲಾಯಿಸಿ ಮುಗಿಸು, ತಿಂಗಳುಗಟ್ಟಲೆ ಯಾಕೆ ಎಳೀತೀಯ ಅಂತ. ನಾನು ಮಾತ್ರ ನಿಧಾನಕ್ಕೇ ಮಾಡ್ದೆ, ಯಾಕೆ ಅಂತ ಕೇಳಿ.

ಕೈ ಸುಟ್ಕೊಂಡಿದ್ದು ಡಿಎನ್‌ಎಸ್‌ಸೆಕ್‌ನಲ್ಲಿ, ಅಂದ್ರೆ ಡಿಎನ್‌ಎಸ್ ಉತ್ತರ ಅಸಲಿ ಅಂತ ಸಹಿ ಹಾಕಿ ತೋರಿಸೋ ವ್ಯವಸ್ಥೆ. ಒಂದು ಡಾಟ್ ಕಾಮ್‌ನ ಡಿಎಸ್ ರೆಕಾರ್ಡ್ (ಈ ಡೊಮೇನ್‌ಗೆ ಸಹಿ ಇರುತ್ತೆ ಅಂತ ಡಾಟ್ ಕಾಮ್ ಕಡೆ ಇಟ್ಟಿರೋ ದಾಖಲೆ) ತೆಗೆದು, ಒಂದು ಗಂಟೆ ಬಿಟ್ಟು ನೇಮ್‌ಸರ್ವರ್ (ಡೊಮೇನ್ ಬಗ್ಗೆ ಉತ್ತರ ಕೊಡೋ ಸರ್ವರ್) ಬದಲಾಯಿಸಿದೆ. ನನ್ನ ಮೆಷಿನ್‌ನಲ್ಲಿ ಎಲ್ಲಾ ಸರಿಯಾಗಿ ಓಪನ್ ಆಗ್ತಿತ್ತು, ಯಾಕಂದ್ರೆ ನಮ್ಮ ರಿಸಾಲ್ವರ್ (ಆ ಉತ್ತರ ಹುಡುಕಿ ತರೋ ಸರ್ವರ್) ಸಹಿ ವ್ಯಾಲಿಡೇಟ್ ಮಾಡ್ತಾನೇ ಇರ್ಲಿಲ್ಲ! ಹೊರಗಿನವ್ರಿಗೆ ಸರ್ವ್‌ಫೇಲ್, ಅಂದ್ರೆ ಉತ್ತರದ ಬದಲು ಎರರ್. ಡಿಎನ್‌ಎಸ್ ಕೇಳಿ ನೋಡೋ ಡಿಗ್ ಕಮಾಂಡ್‌ನಲ್ಲಿ ಹೊರಗಿನ ರಿಸಾಲ್ವರ್‌ಗೆ ಸಿಡಿ ಫ್ಲ್ಯಾಗ್ (ಸಹಿ ಪರೀಕ್ಷೆ ಬೇಡ ಅನ್ನೋದು) ಹಾಕಿದ್ರೆ ಉತ್ತರ ಬರುತ್ತೆ, ತೆಗೆದ್ರೆ ಇಲ್ಲ, ಆಗ ಗೊತ್ತಾಯ್ತು. ಹಳೇ ಡಿಎಸ್ ರೆಕಾರ್ಡ್ 86400 ಸೆಕೆಂಡ್, ಅಂದ್ರೆ ಪೂರ್ತಿ ಒಂದು ದಿನ ರಿಸಾಲ್ವರ್‌ಗಳ ಕ್ಯಾಶ್‌ನಲ್ಲಿ (ತಾತ್ಕಾಲಿಕ ನೆನಪಲ್ಲಿ) ಕೂತಿರುತ್ತೆ, ಆದ್ರೆ ಹೊಸ ಕಡೆ ಸಹಿನೇ ಇಲ್ಲ. ಆ ಒಂದು ದಿನ ಮೇಲ್‌ಗಳು ಅರ್ಧಂಬರ್ಧ ಬಂದ್ವು. ಈಗ ಡಿಎಸ್ ತೆಗೆದ ಮೇಲೆ ಮೂರು ದಿನ ಏನೂ ಮುಟ್ಟಲ್ಲ.

ಇನ್ನೊಂದು, ನಮ್ಮ ರೆಕಾರ್ಡ್‌ಗಳ ಟಿಟಿಎಲ್ (ಕ್ಯಾಶ್‌ನಲ್ಲಿ ಎಷ್ಟು ಹೊತ್ತು ಇರ್ಬೇಕು ಅನ್ನೋದು) 300 ಸೆಕೆಂಡ್‌ಗೆ ಇಳಿಸಿದ್ರೂ ಡಾಟ್ ಕಾಮ್ ಕಡೆಯ ಎನ್‌ಎಸ್ ರೆಕಾರ್ಡ್ (ನೇಮ್‌ಸರ್ವರ್ ಯಾವುದು ಅನ್ನೋದು) 172800 ಸೆಕೆಂಡ್, ಎರಡು ದಿನ, ಅದು ನಮ್ಮ ಕೈಲಿಲ್ಲ. ಹಾಗಾಗಿ ಹಳೇ ಕಡೆ ಹೊಸ ಕಡೆ ಎರಡೂ ಒಂದೇ ಉತ್ತರ ಕೊಡೋ ಹಾಗೆ ಇಟ್ಕೊಂಡು, ಹಳೇ ಅಕೌಂಟ್ ಇನ್ನೊಂದು ತಿಂಗಳು ಹಾಗೇ ಬಿಟ್ಟೆ. ಎರಡೂ ಕಡೆ ದುಡ್ಡು ಕಟ್ಟೋದಾ ಅಂತ ಬೈಸ್ಕೊಂಡೆ, ಆದ್ರೆ ಅದಕ್ಕಿಂತ ಜಾಸ್ತಿ ದುಡ್ಡು ಹೋಗಿದ್ದು ಮರೆತು ಎಕ್ಸ್‌ಪೈರ್ ಆದ ಒಂದೇ ಒಂದು ಡೊಮೇನ್‌ಗೆ. ಕಾರ್ಡ್ ಹಳೇದಾಗಿ ಆಟೋ ರಿನ್ಯೂ ಫೇಲ್ ಆಗಿತ್ತು, ನೋಟಿಸ್ ಹೋಗ್ತಿದ್ದಿದ್ದು ಕೆಲಸ ಬಿಟ್ಟು ಹೋದವರ ಮೇಲ್‌ಗೆ, ನಮಗೆ ಗೊತ್ತಾಗೋಷ್ಟರಲ್ಲಿ 30 ದಿನದ ರಿಡೆಂಪ್ಶನ್ ಪೀರಿಯಡ್ (ಹೆಚ್ಚು ದುಡ್ಡು ಕೊಟ್ಟು ಬಿಡಿಸ್ಕೊಳ್ಳೋ ಕೊನೇ ಅವಧಿ) ಒಳಗೆ ಬಿದ್ದಿತ್ತು, ವಾಪಸ್ ತರೋಕೆ ರಿನ್ಯೂವಲ್ ಫೀಸ್‌ನ ಸುಮಾರು ಎಂಟು ಪಟ್ಟು ಕಟ್ಟಿದ್ವಿ.

ಝೋನ್ ಫೈಲೆಲ್ಲಾ (ಡೊಮೇನ್‌ನ ರೆಕಾರ್ಡ್‌ಗಳ ಪಟ್ಟಿ) ಗಿಟ್‌ಗೆ, ಅಂದ್ರೆ ಬದಲಾವಣೆಗಳ ಲೆಕ್ಕ ಇಡೋ ಟೂಲ್‌ಗೆ ಹಾಕಿದೆ, ಸುಮಾರು 900 ರೆಕಾರ್ಡ್. ಎಂಎಕ್ಸ್ (ಮೇಲ್ ಯಾವ ಸರ್ವರ್‌ಗೆ ಹೋಗ್ಬೇಕು ಅನ್ನೋ ರೆಕಾರ್ಡ್) ಹೆಸರಿನ ಕೊನೇ ಚುಕ್ಕಿ ಎರಡು ಕಡೆ ಬಿಟ್ಟು ಹೋಗಿತ್ತು, ಹಳೇದು ಹೊಸದು ಹೋಲಿಸೋ ಸ್ಕ್ರಿಪ್ಟ್ ಹಿಡೀತು. ಯಾರಿಗೂ ನೆನಪಿಲ್ಲದ ಸಬ್‌ಡೊಮೇನ್‌ಗಳನ್ನ ಹೇಗೆ ಹುಡುಕಿದೆ ಅನ್ನೋದು ಮಾತ್ರ ನನ್ನ ಹತ್ರಾನೇ ಇರ್ಲಿ, ಅದಕ್ಕೆ ನಾನು ಎರಡು ವಾರ ನಿದ್ದೆಗೆಟ್ಟಿದ್ದೀನಿ.

ಮಧ್ಯೆ ಒಂದು ಬೇರೆ ಪ್ರಯೋಗಾನೂ ಮಾಡ್ದೆ. ಸುಮ್ನೆ ಕೊಂಡಿಟ್ಟಿದ್ದ ಹನ್ನೆರಡು ಡೊಮೇನ್‌ಗೆ ಇಲ್ಲಿ ಮೇಲ್ ತಗೊಳ್ಳಲ್ಲ ಅನ್ನೋ ನಲ್ ಎಂಎಕ್ಸ್, ಇಲ್ಲಿಂದ ಯಾರೂ ಮೇಲ್ ಕಳಿಸಲ್ಲ ಅನ್ನೋ ಎಸ್‌ಪಿಎಫ್, ನಕಲಿ ಬಂದ್ರೆ ತಿರಸ್ಕರಿಸಿ ಅನ್ನೋ ಡಿಮಾರ್ಕ್ ರಿಜೆಕ್ಟ್ ಮೂರೂ ಹಾಕಿದೆ. ಆ ಹೆಸರಲ್ಲಿ ಯಾರೋ ಕಳಿಸ್ತಿದ್ದ ನಕಲಿ ಮೇಲ್‌ಗಳ ಬಗ್ಗೆ ದಿನಾ ಬರ್ತಿದ್ದ ದೂರು ತಿಂಗಳೊಳಗೆ ಹೆಚ್ಚುಕಮ್ಮಿ ನಿಂತೇ ಹೋಯ್ತು. ಇದನ್ನ ಮೊದಲೇ ಮಾಡ್ಬೇಕಿತ್ತು.

ರಿಜಿಸ್ಟ್ರಾರ್ ಟ್ರಾನ್ಸ್‌ಫರ್‌ನ ಬೇಕಂತಲೇ ಕೊನೇಗೆ ಇಟ್ಟಿದ್ದೆ, ಡಿಎನ್‌ಎಸ್ ಗಟ್ಟಿಯಾದ ಮೇಲೆ. ಹೊಸದಾಗಿ ತಗೊಂಡಿದ್ದ ಎರಡು ಡೊಮೇನ್ ಮಾತ್ರ 60 ದಿನದ ಲಾಕ್‌ನಲ್ಲಿವೆ (ಅಲ್ಲೀವರೆಗೆ ಟ್ರಾನ್ಸ್‌ಫರ್ ಆಗಲ್ಲ), ಅವುಗಳ ಆತ್ ಕೋಡ್ (ಟ್ರಾನ್ಸ್‌ಫರ್‌ಗೆ ಬೇಕಾದ ಗುಪ್ತ ಕೋಡ್) ಮುಂದಿನ ತಿಂಗಳು ತಗೋತೀನಿ.